ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಮಾನಸಿಕ ಆರೋಗ್ಯ ಕುರಿತ ಸಮವಯಸ್ಕ ಶಿಕ್ಷಕರ ತರಬೇತಿ: ಪೋಷಕರು ಹಾಗೂ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಹದಿಹರೆಯವು ಶರೀರದ ಬೆಳವಣಿಗೆಯೊಂದಿಗೆ ಮನಸ್ಸಿನಲ್ಲಿಯೂ ತ್ವರಿತ ಬದಲಾವಣೆಗಳು ಉಂಟಾಗುವ ಕಾಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 10 ರಿಂದ 19 ವರ್ಷ ವಯಸ್ಸಿನ ಪ್ರತಿ ಏಳು ಮಂದಿಯಲ್ಲಿ ಒಬ್ಬರು ಒಂದಿಲ್ಲೊಂದು ಮಾನಸಿಕ ಆರೋಗ್ಯ ಸಮಸ್ಯೆಯನ್ನು ಎದುರಿಸುತ್ತಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13 ರಿಂದ 17 ವರ್ಷ ವಯಸ್ಸಿನವರಲ್ಲಿ ಈ ಪ್ರಮಾಣವನ್ನು ಶೇಕಡಾ 7.3 ಎಂದು ಅಂದಾಜಿಸಿದೆ.

ಮನಸ್ಸಿಗೆ ನೋವಾದ ಮಗು ಅದನ್ನು ತಂದೆ ತಾಯಿಗಾಗಲಿ, ಶಿಕ್ಷಕರಿಗಾಗಲಿ ತಿಳಿಸುವುದಕ್ಕೆ ಮೊದಲು ಅನೇಕ ವೇಳೆ ಪಕ್ಕದ ಬೆಂಚಿನ ಗೆಳೆಯನಿಗೆ ಅಥವಾ ಗೆಳತಿಗೆ ಹೇಳುತ್ತದೆ. ಆ ಮಾತನ್ನು ಕೇಳಿಸಿಕೊಂಡ ಮಗುವಿಗೆ ಮುಂದೇನು ಮಾಡಬೇಕೆಂಬುದು ತಿಳಿದಿರಬೇಕು. ಸಮವಯಸ್ಕ ಶಿಕ್ಷಕರ ತರಬೇತಿಯ ಮುಖ್ಯ ಉದ್ದೇಶ ಇದೇ ಆಗಿದೆ. ತಮ್ಮ ಮಗು ಇಂತಹ ತರಬೇತಿಗೆ ಆಯ್ಕೆಯಾದಾಗ ಪೋಷಕರು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಕಾರ್ಯಕ್ರಮದ ಹಿನ್ನೆಲೆ

ಕೇಂದ್ರ ಸರ್ಕಾರವು 2014ರ ಜನವರಿಯಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿತು. ಪೌಷ್ಟಿಕತೆ, ಪ್ರಜನನ ಆರೋಗ್ಯ, ಮಾದಕ ವಸ್ತುಗಳ ದುರ್ಬಳಕೆ ಮುಂತಾದವುಗಳೊಂದಿಗೆ ಮಾನಸಿಕ ಆರೋಗ್ಯವೂ ಇದರ ಆರು ವಿಷಯಗಳಲ್ಲಿ ಒಂದು. ಇದರಡಿಯಲ್ಲಿ 15 ರಿಂದ 19 ವರ್ಷ ವಯಸ್ಸಿನ ಹುಡುಗರು ಹಾಗೂ ಹುಡುಗಿಯರನ್ನು ಗ್ರಾಮಮಟ್ಟದಲ್ಲಿ ಸಮವಯಸ್ಕ ಶಿಕ್ಷಕರನ್ನಾಗಿ ಆಯ್ಕೆ ಮಾಡಲಾಗುತ್ತದೆ. ಇವರಿಗೆ ‘ಸಾಥಿಯಾ’ ಎಂದು ಹೆಸರು. ಈ ಆಯ್ಕೆಯಲ್ಲಿ ಆಶಾ ಕಾರ್ಯಕರ್ತೆಯರ ಪಾತ್ರವಿರುತ್ತದೆ.

ತದನಂತರ 2020ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಯ ಅಂಗವಾಗಿ ಶಾಲಾ ಆರೋಗ್ಯ ಮತ್ತು ಯೋಗಕ್ಷೇಮ ಕಾರ್ಯಕ್ರಮವು ಜಾರಿಗೆ ಬಂದಿತು. ಇದರಂತೆ ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳಾಗಿ ತರಬೇತಿ ಪಡೆಯುತ್ತಾರೆ. ತರಗತಿಯ ನಾಯಕರು ಆರೋಗ್ಯ ಸಂದೇಶವಾಹಕರಾಗಿ ಅವರಿಗೆ ನೆರವಾಗುತ್ತಾರೆ. ಕಾರ್ಯಕ್ರಮದ 11 ವಿಷಯಗಳಲ್ಲಿ ಭಾವನಾತ್ಮಕ ಯೋಗಕ್ಷೇಮ ಹಾಗೂ ಮಾನಸಿಕ ಆರೋಗ್ಯವೂ ಸೇರಿದೆ.

ಆಯ್ಕೆಯಲ್ಲಿ ಗಮನಿಸತಕ್ಕ ಅಂಶಗಳು

ಹೆಚ್ಚು ಅಂಕ ಪಡೆಯುವ ವಿದ್ಯಾರ್ಥಿಯೇ ಉತ್ತಮ ಸಮವಯಸ್ಕ ಶಿಕ್ಷಕನಾಗುತ್ತಾನೆಂದು ಭಾವಿಸತಕ್ಕದ್ದಲ್ಲ. ಸಹಪಾಠಿಗಳ ವಿಶ್ವಾಸ ಗಳಿಸಿರುವ, ಇತರರ ಮಾತನ್ನು ತಾಳ್ಮೆಯಿಂದ ಕೇಳುವ ಹಾಗೂ ಸ್ವಇಚ್ಛೆಯಿಂದ ಮುಂದೆ ಬರುವ ಮಗು ಈ ಕೆಲಸಕ್ಕೆ ಯೋಗ್ಯ. ಹುಡುಗರು, ಹುಡುಗಿಯರು, ವಸತಿ ನಿಲಯದಲ್ಲಿರುವವರು ಹಾಗೂ ದೂರದ ಹಳ್ಳಿಗಳಿಂದ ಬರುವವರು ಎಲ್ಲರಿಗೂ ಪ್ರಾತಿನಿಧ್ಯ ದೊರೆತಲ್ಲಿ ಹೆಚ್ಚು ಮಕ್ಕಳನ್ನು ತಲುಪಲು ಸಾಧ್ಯ. ಪೋಷಕರ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯುವುದು ಸೂಕ್ತ. ಇಚ್ಛೆಯಿಲ್ಲದ ಮಗುವಿಗೆ ಒತ್ತಾಯ ಸಲ್ಲದು.

ತರಬೇತಿಯಲ್ಲಿ ಕಲಿಸಬೇಕಾದ ವಿಷಯಗಳು

1. ಮಾನಸಿಕ ಆರೋಗ್ಯದ ಪರಿಚಯ: ಪರೀಕ್ಷೆಯ ಹಿಂದಿನ ದಿನದ ಆತಂಕ ಸಹಜ. ಎರಡು ವಾರಗಳಿಗೂ ಮೀರಿ ನಿದ್ರೆ, ಊಟ, ಓದು, ಆಟ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು ಗಮನ ಕೊಡಬೇಕಾದ ಲಕ್ಷಣ. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಅರಿಯಬೇಕು.

2. ಜೀವನ ಕೌಶಲ್ಯಗಳು: ಸ್ವ-ಅರಿವು, ಸಹಾನುಭೂತಿ, ನಿರ್ಧಾರ ಕೈಗೊಳ್ಳುವಿಕೆ, ಒತ್ತಡ ಹಾಗೂ ಭಾವನೆಗಳ ನಿರ್ವಹಣೆ ಸೇರಿದಂತೆ ವಿಶ್ವ ಆರೋಗ್ಯ ಸಂಸ್ಥೆಯು ಗುರುತಿಸಿರುವ ಹತ್ತು ಕೌಶಲ್ಯಗಳು.

3. ಆಲಿಸುವ ಕ್ರಮ: ನಡುವೆ ಬಾಯಿ ಹಾಕದೆ, ಹಾಸ್ಯ ಮಾಡದೆ, ಉಪದೇಶ ನೀಡದೆ ಕೇಳುವುದು. ಮನೋವೈಜ್ಞಾನಿಕ ಪ್ರಥಮ ಚಿಕಿತ್ಸೆಯಲ್ಲಿ ಬಳಸುವ ‘ನೋಡು, ಆಲಿಸು, ಜೋಡಿಸು’ ಎಂಬ ಮೂರು ಹೆಜ್ಜೆಗಳು ಇದಕ್ಕೆ ಆಧಾರ.

4. ಕಳಂಕ ನಿವಾರಣೆ: ಮಾನಸಿಕ ತೊಂದರೆಯು ದುರ್ಬಲತೆಯಲ್ಲ, ಪಾಪದ ಫಲವೂ ಅಲ್ಲ, ಜ್ವರದಂತೆ ಅದಕ್ಕೂ ಚಿಕಿತ್ಸೆ ಇದೆ ಎಂಬ ತಿಳಿವಳಿಕೆ. ‘ಹುಚ್ಚ’ ಮುಂತಾದ ಪದಗಳನ್ನು ಬಳಸಿ ಹೀಯಾಳಿಸುವುದನ್ನು ತಡೆಯುವುದು.

5. ಮಿತಿಯ ಅರಿವು: ಯಾವ ವಿಷಯವನ್ನು, ಯಾವಾಗ, ಯಾರಿಗೆ ತಿಳಿಸಬೇಕು ಎಂಬುದು. ತರಬೇತಿಯಲ್ಲಿ ಇದೇ ಅತ್ಯಂತ ಮುಖ್ಯವಾದ ಭಾಗ.

ಗೌಪ್ಯತೆ ಹಾಗೂ ಅದರ ಮಿತಿ

ಸ್ನೇಹಿತರು ಹೇಳಿದ ಮಾತನ್ನು ಊರೆಲ್ಲಾ ಹರಡಬಾರದು. ಆದರೆ ಜೀವಕ್ಕೆ ಅಪಾಯವಿರುವ ವಿಷಯವನ್ನು ಗುಟ್ಟಾಗಿ ಇಟ್ಟುಕೊಳ್ಳಲೂಬಾರದು.

ಉದಾಹರಣೆಗೆ, ಎಸ್.ಎಸ್.ಎಲ್.ಸಿ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ವಿದ್ಯಾರ್ಥಿನಿಯೊಬ್ಬಳು ತನ್ನ ಗೆಳತಿಯ ಬಳಿ, “ನನಗೆ ಬದುಕೇ ಬೇಡ ಅನ್ನಿಸ್ತಿದೆ ಕಣೇ. ಯಾರಿಗೂ ಹೇಳಬೇಡ, ನನ್ನಾಣೆ” ಎಂದು ಹೇಳಿದಳೆಂದು ಭಾವಿಸೋಣ. ತರಬೇತಿಯಿಲ್ಲದ ಗೆಳತಿಯು ಆಣೆಗೆ ಕಟ್ಟುಬಿದ್ದು ಸುಮ್ಮನಾಗಬಹುದು, ಇಲ್ಲವೇ ಮಾತನ್ನು ನಗೆಯಲ್ಲಿ ತೇಲಿಸಬಹುದು. ತರಬೇತಿ ಪಡೆದ ಗೆಳತಿಯು, “ನನಗೆ ಹೇಳಿದ್ದು ಒಳ್ಳೇದಾಯ್ತು. ಆದರೆ ಇದನ್ನ ನಾನೊಬ್ಬಳೇ ಇಟ್ಕೊಳ್ಳೋಕೆ ಆಗಲ್ಲ. ಬಾ, ಇಬ್ಬರೂ ಟೀಚರ್ ಹತ್ರ ಹೋಗೋಣ” ಎನ್ನುತ್ತಾಳೆ, ಹಿರಿಯರೊಬ್ಬರು ಜವಾಬ್ದಾರಿ ವಹಿಸಿಕೊಳ್ಳುವವರೆಗೆ ಅವಳನ್ನು ಒಂಟಿಯಾಗಿ ಬಿಡುವುದಿಲ್ಲ. ಗೆಳತಿಗೆ ಕೋಪ ಬಂದರೂ ಬರಬಹುದು. ಕೋಪ ಇಂದಲ್ಲ ನಾಳೆ ಇಳಿಯುತ್ತದೆ. ಜೀವ ಹೋದರೆ ಮರಳಿ ಬರುವುದಿಲ್ಲ.

ಈ ಕೆಳಕಂಡ ಸಂದರ್ಭಗಳಲ್ಲಿ ವಿಷಯವನ್ನು ಅದೇ ದಿನ ನಂಬಿಕಸ್ಥ ಹಿರಿಯರಿಗೆ ತಿಳಿಸತಕ್ಕದ್ದು:

- ಸಾಯುವ ಅಥವಾ ತನಗೆ ತಾನೇ ಗಾಯ ಮಾಡಿಕೊಳ್ಳುವ ಮಾತು
- ಇತರರಿಗೆ ಹಾನಿ ಮಾಡುವ ಬೆದರಿಕೆ
- ಮನೆಯಲ್ಲಿ ಅಥವಾ ಹೊರಗೆ ಹಿಂಸೆ, ಲೈಂಗಿಕ ದೌರ್ಜನ್ಯ
- ಮಾದಕ ವಸ್ತುಗಳ ಸೇವನೆ
- ಬಾಲ್ಯವಿವಾಹದ ಸಿದ್ಧತೆ

ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಪೋಕ್ಸೊ ಕಾಯ್ದೆ, 2012ರ ಕಲಂ 19ರಂತೆ ಪೊಲೀಸರಿಗೆ ಮಾಹಿತಿ ನೀಡುವುದು ಕಡ್ಡಾಯ. ಮಾಹಿತಿ ನೀಡದಿದ್ದಕ್ಕಾಗಿ ವಿಧಿಸುವ ದಂಡನೆಯಿಂದ ಮಕ್ಕಳಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಆದುದರಿಂದ ವಿಷಯ ತಿಳಿದ ಹಿರಿಯರು ಈ ಹೊಣೆಯನ್ನು ಮಗುವಿನ ಮೇಲೆ ಹಾಕದೆ ತಾವೇ ನಿರ್ವಹಿಸತಕ್ಕದ್ದು.

ಸಮವಯಸ್ಕ ಶಿಕ್ಷಕರ ಕೆಲಸವಲ್ಲದ ವಿಷಯಗಳು

ಸಮವಯಸ್ಕ ಶಿಕ್ಷಕರು ಆಪ್ತಸಮಾಲೋಚಕರಲ್ಲ, ವೈದ್ಯರೂ ಅಲ್ಲ. ಕಾಯಿಲೆಯ ಹೆಸರು ಹೇಳುವುದು, ಔಷಧ ಸೂಚಿಸುವುದು ಅಥವಾ ಬಿಡಿಸುವುದು, ಮನೆಯ ಜಗಳ ಬಗೆಹರಿಸುವುದು, ರಾತ್ರಿಯಿಡೀ ಮೊಬೈಲ್‌ನಲ್ಲಿ ಸಮಾಧಾನ ಹೇಳುವುದು ಅವರ ಕರ್ತವ್ಯವಲ್ಲ. ಶಾಲೆಯಲ್ಲಿ ಸಮಾಲೋಚಕರಿಲ್ಲವೆಂಬ ಕಾರಣಕ್ಕೆ ಆ ಕೆಲಸವನ್ನು ಮಕ್ಕಳಿಗೆ ವಹಿಸುವುದು ಸರಿಯಲ್ಲ.

ಇತರರ ದುಃಖವನ್ನು ಕೇಳುವ ಮಗುವಿನ ಮನಸ್ಸೂ ಭಾರವಾಗುತ್ತದೆ. ಆದುದರಿಂದ ಜವಾಬ್ದಾರಿ ಹೊತ್ತ ಶಿಕ್ಷಕರು ನಿಗದಿತ ಅವಧಿಗೊಮ್ಮೆ ಈ ವಿದ್ಯಾರ್ಥಿಗಳ ಸಭೆ ನಡೆಸಿ ಅವರ ಯೋಗಕ್ಷೇಮವನ್ನು ವಿಚಾರಿಸಬೇಕು. ಬೇಡವೆನಿಸಿದಾಗ ಈ ಕೆಲಸದಿಂದ ಹಿಂದೆ ಸರಿಯಲು ಮಗುವಿಗೆ ಸಂಪೂರ್ಣ ಸ್ವಾತಂತ್ರ್ಯವಿರಬೇಕು.

ಪೋಷಕರ ಸಾಮಾನ್ಯ ಸಂಶಯಗಳು

ಪ್ರಶ್ನೆ: ಆತ್ಮಹತ್ಯೆಯ ವಿಷಯ ಮಾತನಾಡಿದರೆ ಮಕ್ಕಳ ತಲೆಯಲ್ಲಿ ಆ ಯೋಚನೆ ಬರುವುದಿಲ್ಲವೇ?
ಉತ್ತರ: ಇಲ್ಲ. ನೇರವಾಗಿ, ಅಕ್ಕರೆಯಿಂದ ವಿಚಾರಿಸುವುದರಿಂದ ಅಂತಹ ಯೋಚನೆ ಹುಟ್ಟುವುದಿಲ್ಲ. ಒಳಗೇ ಇರುವ ಯೋಚನೆಯನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಆದರೆ ವಿಧಾನಗಳ ವಿವರಣೆಯನ್ನು ತರಗತಿಯಲ್ಲಾಗಲಿ, ಮನೆಯಲ್ಲಾಗಲಿ ಮಾಡತಕ್ಕದ್ದಲ್ಲ.

ಪ್ರಶ್ನೆ: ಚಿಕಿತ್ಸೆ ಪಡೆದ ವಿಷಯ ಹೊರಗೆ ಗೊತ್ತಾದರೆ ಮಗುವಿನ ಭವಿಷ್ಯಕ್ಕೆ ತೊಂದರೆಯಾಗುವುದಿಲ್ಲವೇ?
ಉತ್ತರ: ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಕಲಂ 23ರಂತೆ ಚಿಕಿತ್ಸೆಯ ಮಾಹಿತಿಯನ್ನು ಗೌಪ್ಯವಾಗಿಡಿಸಿಕೊಳ್ಳುವುದು ರೋಗಿಯ ಹಕ್ಕು. ಕಾಯ್ದೆಯಲ್ಲಿ ಹೇಳಿರುವ ಸೀಮಿತ ಸಂದರ್ಭಗಳ ಹೊರತು ಅದನ್ನು ಬಹಿರಂಗಪಡಿಸುವಂತಿಲ್ಲ.

ಸೇವೆಗಳನ್ನು ಪಡೆಯುವ ವಿಧಾನ

ಟೆಲಿ-ಮನಸ್, ದೂರವಾಣಿ 14416: 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ದಿನದ 24 ಗಂಟೆಯೂ ಉಚಿತವಾಗಿ ದೊರೆಯುತ್ತದೆ. ಕನ್ನಡದಲ್ಲಿಯೇ ಮಾತನಾಡಬಹುದು. ವಿದ್ಯಾರ್ಥಿಗಳು, ಪೋಷಕರು, ಶಿಕ್ಷಕರು ಯಾರು ಬೇಕಾದರೂ ಕರೆ ಮಾಡಬಹುದು.

ಮಕ್ಕಳ ಸಹಾಯವಾಣಿ 1098: ಹಿಂಸೆ, ದೌರ್ಜನ್ಯ, ಬಾಲ್ಯವಿವಾಹ ಮುಂತಾದ ಸಂದರ್ಭಗಳಲ್ಲಿ.

ತುರ್ತು ಸಂದರ್ಭ 112: ಜೀವಕ್ಕೆ ತಕ್ಷಣದ ಅಪಾಯವಿರುವಾಗ.

ಸ್ನೇಹ ಕ್ಲಿನಿಕ್: ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಹದಿಹರೆಯದವರಿಗಾಗಿ ನಡೆಯುವ ಆಪ್ತಸಮಾಲೋಚನಾ ಸೇವೆ. ದಿನ ಹಾಗೂ ಸಮಯವನ್ನು ಸಮೀಪದ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರಿಂದ ತಿಳಿಯಬಹುದು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ: ಹೆಚ್ಚಿನ ಚಿಕಿತ್ಸೆ ಅಗತ್ಯವಿರುವವರು ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗವನ್ನು ಸಂಪರ್ಕಿಸಬಹುದು.

ತಮ್ಮ ಶಾಲೆಯಲ್ಲಿ ಸಮವಯಸ್ಕ ಶಿಕ್ಷಕರ ತರಬೇತಿ ನಡೆಯಬೇಕೆಂದು ಬಯಸುವ ಪೋಷಕರು ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಸಲ್ಲಿಸಬಹುದು ಅಥವಾ ಪೋಷಕರ ಸಭೆಯಲ್ಲಿ ವಿಷಯ ಪ್ರಸ್ತಾಪಿಸಬಹುದು. ಆರೋಗ್ಯ ರಾಯಭಾರಿ ಶಿಕ್ಷಕರು ಯಾರೆಂಬುದನ್ನು ಪ್ರತಿಯೊಬ್ಬ ಪೋಷಕರೂ ಕೇಳಿ ತಿಳಿದಿರುವುದು ಒಳಿತು.

ಕಡೆಯದಾಗಿ, ಮನೆಯ ಮಗು ತನ್ನ ಸ್ನೇಹಿತರ ಕಷ್ಟವನ್ನು ತಮ್ಮ ಬಳಿ ಹೇಳಿದಾಗ “ನಿನಗ್ಯಾಕೆ ಬೇರೆಯವರ ಉಸಾಬರಿ” ಎಂದು ಗದರದಿರುವಂತೆ ಪೋಷಕರಲ್ಲಿ ಕೋರಲಾಗಿದೆ. ಮಗು ಇಟ್ಟ ನಂಬಿಕೆಗೆ ಹಿರಿಯರು ಕಿವಿಗೊಟ್ಟಾಗ ಮಾತ್ರ ಈ ತರಬೇತಿ ಸಾರ್ಥಕವಾಗುತ್ತದೆ.