ಕುರುಖ್ ನಮಗೆ ಏನಾಗಬೇಕು?

ರಾಂಚಿಯ ಸುತ್ತಮುತ್ತಲ ಛೋಟಾ ನಾಗಪುರದ ಪ್ರಸ್ಥಭೂಮಿಯಲ್ಲಿ ಒರಾಂವ್ ಜನ ಆಡುವ ಭಾಷೆ ಕುರುಖ್. ಅದರಲ್ಲಿ 'ನೀನ್' ಎಂದರೆ ನೀನು, 'ಬರಾ' ಎಂದರೆ ಬಾ. ಬಾಯಿಗೆ 'ಬಈ', ಹಲ್ಲಿಗೆ 'ಪಲ್ಲ್', ಕಣ್ಣಿಗೆ 'ಖ಼ನ್ನ್' (ಈ ಖ಼ ಉರ್ದುವಿನ 'ಖ಼ಬರ್'ನಲ್ಲಿರುವಂಥದು, ಗಂಟಲನ್ನು ತುಸು ಉಜ್ಜಿಕೊಂಡು ಬರುವ ಧ್ವನಿ). ಸುತ್ತ ಹಿಂದಿ, ಸಾದರಿ, ಮುಂಡಾರಿ ಕೇಳುವ ಆ ನೆಲ ಕರ್ನಾಟಕದ ಗಡಿಯಿಂದ ಸುಮಾರು ಸಾವಿರ ಕಿಲೋಮೀಟರ್ ಆಚೆ ಇದೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಈ ಭಾಷೆಯ ಹತ್ತಿರ ಹತ್ತಿರ 20 ಲಕ್ಷ ಜನರಿದ್ದಾರೆ. ಜಾರ್ಖಂಡ್, ಛತ್ತೀಸಗಢ, ಒಡಿಶಾ, ಬಂಗಾಳಗಳಲ್ಲದೆ ಅಸ್ಸಾಮಿನ ಚಹಾ ತೋಟಗಳಲ್ಲೂ ಅವರಿದ್ದಾರೆ.

ಕನ್ನಡಿಗರ ಕಿವಿ ನಿಮಿರುವಂಥ ಇನ್ನೊಂದು ಸಂಗತಿಯಿದೆ. ಒರಾಂವ್ ಹಿರಿಯರು ತಮ್ಮ ಮೂಲವನ್ನು ಕರ್ನಾಟಕಕ್ಕೇ ಒಯ್ಯುತ್ತಾರೆ. ಅಲ್ಲಿಂದ ಹೊರಟು ನರ್ಮದೆಯ ಗುಂಟ ಸಾಗಿ, ಬಿಹಾರದ ಸೋನ್ ನದಿಯ ದಂಡೆಯಲ್ಲಿ ನೆಲೆಸಿ, ಅಲ್ಲಿಯೂ ಇರಲಾಗದೆ ಎರಡಾಗಿ ಒಡೆದೆವು ಎನ್ನುತ್ತದೆ ಅವರ ಐತಿಹ್ಯ. ಒಂದು ಗುಂಪು ರಾಜಮಹಲ್ ಬೆಟ್ಟಗಳಿಗೆ ಹೋಗಿ ಮಾಲ್ತೋ ಆಡುವ ಜನವಾಯಿತು, ಇನ್ನೊಂದು ಛೋಟಾ ನಾಗಪುರಕ್ಕೆ ಏರಿತು. 1906ರಲ್ಲಿ ಹೊರಬಂದ ಭಾರತೀಯ ಭಾಷಾ ಸರ್ವೇಕ್ಷಣೆಯ ನಾಲ್ಕನೆಯ ಸಂಪುಟದಲ್ಲೇ ಈ ಕಥೆ ದಾಖಲಾಗಿದೆ. ಭಾಷೆಯಲ್ಲೂ ಇದಕ್ಕೆ ಆಧಾರ ಸಿಕ್ಕಿತೆಂದು ಕೆಲವರಿಗೆ ಅನ್ನಿಸಿತು. ತಮಿಳಿನ 'ವಾಯ್', 'ವರು' ಕನ್ನಡದಲ್ಲಿ 'ಬಾಯಿ', 'ಬರು' ಆಗಿವೆ. ಕುರುಖಿನಲ್ಲೂ ಪದದ ಮೊದಲ ವಕಾರ ಹೀಗೆಯೇ ಬಕಾರವಾಗಿದೆ. ಅಂದಮೇಲೆ ಅದು ಕನ್ನಡದಿಂದಲೇ ಕವಲೊಡೆದು ಹೋದ ಭಾಷೆಯಲ್ಲವೇ?

ಭಾಷೆಗಳ ನೆಂಟಸ್ತನ ನೋಡುವವರು ಇಲ್ಲಿ ತಡೆದು ನಿಲ್ಲುತ್ತಾರೆ. 'ನೀನ್' ಎಂಬ ಪದ ಎರಡೂ ಕಡೆ ಇರುವುದರಿಂದ ಎರಡೂ ದ್ರಾವಿಡ ಮನೆತನದವು ಎಂದಷ್ಟೇ ತಿಳಿಯುತ್ತದೆ. ಆ ಹಳೆಯ ಆಸ್ತಿ ಎಲ್ಲ ದಾಯಾದಿಗಳಿಗೂ ಬಂದದ್ದು. ಮನೆತನದೊಳಗೆ ಯಾರು ಯಾರಿಗೆ ಹತ್ತಿರ ಎಂದು ಹೇಳಬೇಕಾದರೆ ಇಬ್ಬರೂ ಜೊತೆಗಿದ್ದಾಗ ಮಾಡಿಕೊಂಡ ಹೊಸ ಬದಲಾವಣೆ ಬೇಕು. ವಕಾರ ಬಕಾರವಾದದ್ದು ಹೊಸ ಬದಲಾವಣೆಯೇನೋ ಹೌದು. ಆದರೆ ಬಲು ಸುಲಭವಾಗಿ ಆಗಿಬಿಡುವಂಥದು. ಸಂಸ್ಕೃತದ 'ವನ', 'ವರ್ಷ' ಹಿಂದಿಯ ನಾಡಿನಲ್ಲಿ 'ಬನ್', 'ಬರಸ್' ಆದವು. ಬಿಹಾರ, ಬಂಗಾಳಗಳ ಭಾಷೆಗಳಲ್ಲಂತೂ ಇದು ಮನೆಮಾತು. ಅಂಥ ನೆರೆಹೊರೆಯಲ್ಲಿ ಶತಮಾನಗಟ್ಟಲೆ ಬದುಕಿದ ಕುರುಖಿಗೆ ಈ ಬಕಾರ ಪಕ್ಕದವರಿಂದ ಬಂದಿತೆನ್ನುವುದೇ ಹೆಚ್ಚು ಒಪ್ಪುವಂಥದು.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಸರ್ವನಾಮಗಳಲ್ಲಿದೆ. ಕನ್ನಡದಲ್ಲಿ ಅವನು, ಅವಳು, ಅದು ಎಂದು ಮೂರಿವೆ. ತಮಿಳಿನಲ್ಲೂ ಹಾಗೆಯೇ. ಕುರುಖಿನಲ್ಲಿ ಎರಡೇ: ಗಂಡಸಿಗೆ 'ಆಸ್', ಉಳಿದ ಎಲ್ಲಕ್ಕೂ 'ಆದ್'. ಹೆಂಗಸು, ಹಸು, ಕಲ್ಲು ಎಲ್ಲವೂ 'ಆದ್'. ತೆಲುಗಿನ 'ಅದಿ' ಕೂಡ ಹೆಣ್ಣಿಗೂ ವಸ್ತುವಿಗೂ ಸಲ್ಲುತ್ತದೆ, ಗೋಂಡಿಯಲ್ಲೂ ಇದೇ ಪದ್ಧತಿ. 'ಅವಳು' ಎಂಬ ಬೇರೆ ರೂಪವನ್ನು ಕಟ್ಟಿಕೊಂಡದ್ದು ದಕ್ಷಿಣದ ಗುಂಪು. ಕನ್ನಡ, ತಮಿಳು, ಮಲಯಾಳಗಳ ಪೂರ್ವಜ ಇನ್ನೂ ಒಂದೇ ಮನೆಯಲ್ಲಿದ್ದ ಕಾಲದ ಕೆಲಸ ಅದು. ಕುರುಖ್ ಕನ್ನಡದಿಂದ ಹೊರಟಿದ್ದರೆ 'ಅವಳು' ಅದರ ಜೊತೆ ಹೋಗಿರಬೇಕಿತ್ತು. ಅದರ ಸುಳಿವೂ ಅಲ್ಲಿಲ್ಲ.

ನಿಜವಾಗಿ ಕನ್ನಡದಿಂದ ಹೊರಟ ಭಾಷೆ ಹೇಗಿರುತ್ತದೆಂದು ನೋಡಬೇಕಾದರೆ ನೀಲಗಿರಿಯ ಬಡಗರ ಮಾತನ್ನು ಕೇಳಬೇಕು. ಪಂಪನ ಕಾಲದ 'ಪಾಲ್' ಆಮೇಲಿನ ಶತಮಾನಗಳಲ್ಲಿ 'ಹಾಲು' ಆಯಿತಷ್ಟೆ. ಬಡಗದಲ್ಲೂ ಅದು ಹಕಾರವೇ. ಅಂದರೆ ಬಡಗರು ಬೆಟ್ಟ ಹತ್ತಿದ್ದು ಈ ಬದಲಾವಣೆ ಶುರುವಾದ ಮೇಲೆ. ಕುರುಖಿನ ಹಲ್ಲು ಇವತ್ತಿಗೂ 'ಪಲ್ಲ್'.

ಹಾಗೆಂದು ಒರಾಂವ್ ಹಿರಿಯರ ಮಾತನ್ನು ಸುಳ್ಳೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಜನ ನಡೆದ ದಾರಿ ಬೇರೆ, ಭಾಷೆಯ ವಂಶ ಬೇರೆ. ದಕ್ಷಿಣದ ಕಡೆಯಿಂದ ಒಂದು ಪಯಣ ನಡೆದಿರಬಹುದು. ವ್ಯಾಕರಣಕ್ಕೆ ಹೇಳಲಾಗುವುದು ಇಷ್ಟೇ: ಕುರುಖ್ ಕನ್ನಡದ ಮಗಳಲ್ಲ, ಬಹಳ ಹಿಂದೆಯೇ ಪಾಲಾಗಿ ಹೋದ ದೂರದ ದಾಯಾದಿ.

ಆ ದೂರದ ದಾಯಾದಿಯ ಬಳಿ ನಮ್ಮ ಮನೆಯ ಹಳೆಯ ಕಾಗದಪತ್ರಗಳೂ ಇವೆ. ಮೂಲ ದ್ರಾವಿಡದಲ್ಲಿ ಪದದ ಮೊದಲಿಗಿದ್ದ ಕಕಾರ ಕುರುಖಿನಲ್ಲಿ ಖ಼ ಆಯಿತು. ಕಣ್ಣು 'ಖ಼ನ್ನ್' ಆದದ್ದು, ಕೈ 'ಖ಼ೆಕ್ಖಾ' ಆದದ್ದು ಹೀಗೆ. ಆದರೆ ಕಕಾರದ ಮುಂದೆ ಇ, ಈ ಸ್ವರವಿದ್ದರೆ ಅದು ಬದಲಾಗದೆ ಉಳಿಯಿತು. ಹಳಗನ್ನಡದಲ್ಲಿ 'ಕೆಳಗೆ' ಎಂಬ ಅರ್ಥದ 'ಕೀೞ್' ಕುರುಖಿನಲ್ಲಿ 'ಕಿಯ್ಯಾ'. ಇಲ್ಲಿ ಖ಼ ಇಲ್ಲ. ಈ ನಿಯಮವನ್ನು ಹಿಡಿದುಕೊಂಡು ನಮ್ಮ 'ಕಿವಿ'ಯನ್ನು ನೋಡಿ. ಇಕಾರ ಇರುವುದರಿಂದ ಕುರುಖಿನಲ್ಲಿ ಕಕಾರ ಉಳಿಯಬೇಕಿತ್ತು. ಆದರೆ ಅಲ್ಲಿ ಕಿವಿ 'ಖ಼ೆಬ್ದಾ'. ಅಂದಮೇಲೆ ಆ ಪದದ ಮೊದಲ ಸ್ವರ ಇಕಾರವಾಗಿರಲು ಸಾಧ್ಯವಿಲ್ಲ. ಅದು ಎಕಾರ, ಮೂಲ ರೂಪ 'ಕೆವಿ'. ತುಳುವಿನ 'ಕೆಬಿ', ತಮಿಳಿನ 'ಚೆವಿ' ಇದನ್ನೇ ಹೇಳುತ್ತವೆ. ಮುಂದಿನ ಇಕಾರದ ಸೆಳೆತಕ್ಕೆ ಸಿಕ್ಕಿ ಎಕಾರ ಇಕಾರವಾದದ್ದು ಕನ್ನಡದಲ್ಲಿ. ಸಾವಿರಾರು ವರ್ಷ ಕನ್ನಡದ ಸಂಪರ್ಕವೇ ಇಲ್ಲದ ಒಂದು ಭಾಷೆ, ಕನ್ನಡದ ಪದವೊಂದು ಹಿಂದೆ ಹೇಗಿತ್ತೆಂದು ತನ್ನ ವ್ಯಂಜನದ ಮೂಲಕ ಸಾಕ್ಷಿ ನುಡಿಯುತ್ತದೆ. ತೌಲನಿಕ ಭಾಷಾವಿಜ್ಞಾನದಲ್ಲಿ ಇದಕ್ಕಿಂತ ಸೊಗಸಾದದ್ದನ್ನು ನಾನು ಕಂಡಿಲ್ಲ. ಪದಗಳು ಒಂದೇ ಥರ ಕೇಳಿಸುವುದಕ್ಕಿಂತ ಅವು ಒಂದೇ ಕ್ರಮದಲ್ಲಿ ಬೇರೆಯಾಗುವುದು ಮುಖ್ಯವೆನ್ನುವುದು ಇದಕ್ಕಾಗಿಯೇ.

ಇದೇ ಖ಼ಕಾರ ಇನ್ನೂ ದೂರದಲ್ಲಿ, ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಕೇಳುತ್ತದೆ. ಅಲ್ಲಿನ ಬ್ರಾಹುಯಿ ಭಾಷೆಯಲ್ಲಿ ಕಣ್ಣು 'ಖ಼ನ್', ಕಲ್ಲು 'ಖ಼ಲ್', ಕಿವಿ 'ಖ಼ಫ್', ಬಾಯಿ 'ಬಾ'. ಎರಡು 'ಇರಟ್', ಮೂರು 'ಮುಸಿಟ್', ನಾಲ್ಕರಿಂದ ಮುಂದೆ ನೆರೆಯವರಿಂದ ಪಡೆದ ಎಣಿಕೆ. ಕುರುಖ್, ಮಾಲ್ತೋ, ಬ್ರಾಹುಯಿ ಮೂರನ್ನೂ ಸೇರಿಸಿ ಉತ್ತರ ದ್ರಾವಿಡವೆಂಬ ಕವಲನ್ನು ವಿದ್ವಾಂಸರು ಗುರುತಿಸಿದ್ದು ಮುಖ್ಯವಾಗಿ ಈ ಖ಼ಕಾರ ಮತ್ತು ಬಕಾರಗಳ ಬಲದ ಮೇಲೆ.

ಬ್ರಾಹುಯಿ ಅಲ್ಲಿಗೆ ಹೋದದ್ದು ಹೇಗೆ ಎಂಬುದರಲ್ಲಿ ಒಮ್ಮತವಿಲ್ಲ. ಸಿಂಧೂ ಕಣಿವೆಯ ಕಾಲದಿಂದ ಅಲ್ಲೇ ಉಳಿದ ತುಣುಕು ಅದೆಂಬ ನಂಬಿಕೆ ಬಹಳ ಜನಪ್ರಿಯ. ಇದಕ್ಕೆ ಎದುರಾಗಿ ಜೋಸೆಫ್ ಎಲ್ಫೆನ್‌ಬೈನ್ ಒಂದು ಸಂಗತಿಯನ್ನು ಎತ್ತಿ ತೋರಿಸಿದರು. ಬ್ರಾಹುಯಿಯಲ್ಲಿರುವ ಇರಾನಿ ಪದಗಳಲ್ಲಿ ಹೆಚ್ಚಿನವು ಬಲೂಚಿಯವು. ಬಲೂಚಿ ಆ ಪ್ರದೇಶಕ್ಕೆ ಬಂದದ್ದು ಸುಮಾರು ಸಾವಿರ ವರ್ಷಗಳ ಈಚೆಗೆ. ಅನಾದಿಯಿಂದ ಅಲ್ಲೇ ಇದ್ದ ಭಾಷೆಯಲ್ಲಿ ಅದಕ್ಕೂ ಹಳೆಯ ಇರಾನಿ ಪದಗಳ ಪದರ ಕಾಣಬೇಕಿತ್ತು. ಬಕಾರದ ವಾದವೂ ಇಲ್ಲಿ ಮರಳಿ ಬರುತ್ತದೆ: ಅದು ಪೂರ್ವ ಭಾರತದ ನೆರೆಹೊರೆಯಿಂದ ಬಂದದ್ದಾದರೆ, ಬ್ರಾಹುಯಿಗರೂ ಒಂದು ಕಾಲಕ್ಕೆ ಆ ಕಡೆ ಇದ್ದಿರಬೇಕು. ಆದರೆ 2003ರಲ್ಲಿ ಡೇವಿಡ್ ಮೆಕಾಲ್ಪಿನ್ ಖ಼ಕಾರಗಳನ್ನೇ ಹೊಸದಾಗಿ ಪರಿಶೀಲಿಸಿ ಉತ್ತರ ದ್ರಾವಿಡವೆಂಬ ಕವಲನ್ನೇ ಪ್ರಶ್ನಿಸಿದರು. ವಂಶವಾಹಿ ಪರೀಕ್ಷೆಗಳಲ್ಲಿ ಬ್ರಾಹುಯಿ ಜನ ದಕ್ಷಿಣ ಭಾರತದವರಿಗಿಂತ ತಮ್ಮ ನೆರೆಯ ಬಲೂಚರಿಗೇ ಹತ್ತಿರ. ರಕ್ತ ಬೆರೆಯುತ್ತ ಹೋದರೂ ನುಡಿ ಬೇರೆಯಾಗಿಯೇ ಉಳಿಯಬಲ್ಲದು. ಒಂದು ಸುಲಭ ಬದಲಾವಣೆಯ ಮೇಲೆ ಇಡೀ ವಲಸೆಯ ಕಥೆ ಕಟ್ಟಬಾರದೆಂದು ಕುರುಖಿನ ವಿಷಯದಲ್ಲಿ ಹೇಳಿದ್ದು ಬ್ರಾಹುಯಿಗೂ ಅನ್ವಯಿಸಬೇಕೆಂಬುದು ನನ್ನ ಅಭಿಪ್ರಾಯ.

ಈ ವಾದಗಳೆಲ್ಲ ನಿಂತಿರುವುದು ಕೆಲವೇ ಜನರ ಸಂಗ್ರಹದ ಮೇಲೆ. ಮಾಲ್ತೋಗೆ 1884ರ ಅರ್ನೆಸ್ಟ್ ಡ್ರೋಸ್ ಅವರ ವ್ಯಾಕರಣ, ಕುರುಖಿಗೆ 1900ರ ಫರ್ಡಿನಂಡ್ ಹಾನ್ ಅವರದು, ಬ್ರಾಹುಯಿಗೆ 1909ರಿಂದ 1934ರವರೆಗೆ ಡೆನಿಸ್ ಬ್ರೇ ಪ್ರಕಟಿಸಿದ ಸಂಪುಟಗಳು. ಬರೋ ಮತ್ತು ಎಮೆನೋ 1961ರಲ್ಲಿ ದ್ರಾವಿಡ ನಿಷ್ಪತ್ತಿ ಕೋಶವನ್ನು ಹೊರತಂದಾಗ, 1984ರಲ್ಲಿ ಅದನ್ನು 5,500ಕ್ಕೂ ಹೆಚ್ಚು ನಮೂದುಗಳಿಗೆ ಪರಿಷ್ಕರಿಸಿದಾಗ, ಇವೆಲ್ಲ ತಮಿಳು ಕನ್ನಡಗಳ ಪಕ್ಕದಲ್ಲಿ ಸಾಲಾಗಿ ಕುಳಿತವು. ಈಚೆಗೆ ಗಣಕವೂ ಬಂದಿದೆ. 2018ರಲ್ಲಿ ಒಂದು ತಂಡ 20 ದ್ರಾವಿಡ ಭಾಷೆಗಳ ಮೂಲ ಪದಗಳನ್ನು ಹೋಲಿಸಿ, ಈ ಕುಟುಂಬಕ್ಕೆ ಸುಮಾರು 4,500 ವರ್ಷ ವಯಸ್ಸೆಂದು ಅಂದಾಜಿಸಿತು. ಮುಖ್ಯ ಕವಲುಗಳು ಒಂದಕ್ಕೊಂದು ಹೇಗೆ ಕೂಡಿಕೊಳ್ಳುತ್ತವೆಂಬುದು ಅದರಲ್ಲೂ ಅಷ್ಟು ಸ್ಪಷ್ಟವಾಗಲಿಲ್ಲ.

ಪದಪಟ್ಟಿಗಳಿಗೆ ಸಿಗದ ಸಂಗತಿಗಳೂ ಇವೆ. ಕುರುಖ್ ಹೆಂಗಸರು ತಮ್ಮತಮ್ಮಲ್ಲೇ ಮಾತಾಡುವಾಗ ಕೆಲವು ಕ್ರಿಯಾರೂಪಗಳು ಬದಲಾಗುತ್ತವೆ. 'ನಾನು ಬರುತ್ತೇನೆ' ಎನ್ನುವುದಕ್ಕೆ ಗಂಡಸಿನೆದುರು ಒಂದು ರೂಪ, ಹೆಂಗಸಿನೆದುರು ಇನ್ನೊಂದು. ಇದನ್ನು 1972ರಲ್ಲಿ ವಿವರವಾಗಿ ಬರೆದವರು ಫ್ರಾನ್ಸಿಸ್ ಎಕ್ಕಾ. ಅವರ ಕುರುಖ್ ಧ್ವನಿಗಳ ಪುಸ್ತಕವನ್ನು ಮುಂದೆ ಪ್ರಕಟಿಸಿದ್ದು ನಮ್ಮ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ. ಹೊರಗಿನ ಗಂಡಸೊಬ್ಬ ಪುಸ್ತಕ ಹಿಡಿದು ಜಗಲಿಯಲ್ಲಿ ಕೂತು ಹೆಂಗಸರನ್ನೇ ಕೇಳಿದರೂ ಅವನಿಗೆ ಸಿಗುವುದು ಗಂಡಸಿಗೆ ಹೇಳುವ ರೂಪ ಮಾತ್ರ.