ತಿರುವಿಗೆ ಹುಟ್ಟಿದ ಸರಳು, ನೇರ ಓಟದ ಕಾರಿನಲ್ಲಿ

ಕೆನಡಾದ ಫ್ರೆಡರಿಕ್ಟನ್ ಪಟ್ಟಣದ ಸ್ಟೀಫನ್ ಕೋಲ್ಮನ್‌ಗೆ 1919ರ ಏಪ್ರಿಲ್ 22ರಂದು ಒಂದು ಪೇಟೆಂಟ್ ಸಿಕ್ಕಿತು. ಇಂದಿನ ಆ್ಯಂಟಿ ರೋಲ್ ಬಾರ್‌ನ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. ಎಡ ಮತ್ತು ಬಲ ಚಕ್ರಗಳ ನಡುವೆ ಅಡ್ಡಲಾಗಿ ಕೂರುವ ಉಕ್ಕಿನ ಸರಳು ಅದು. ಎರಡೂ ಚಕ್ರ ಒಟ್ಟಿಗೆ ಮೇಲೆದ್ದರೆ ತನ್ನ ಪಾಡಿಗೆ ಹೊರಳುತ್ತದೆ. ಒಂದೇ ಎದ್ದರೆ ತಿರುಚಿಕೊಂಡು ತಡೆಯುತ್ತದೆ. ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲದಿರಲಿ ಎಂಬುದು ಉದ್ದೇಶ. ಆದರೆ ಈ ಸರಳಿನ ಬಗ್ಗೆ ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವವರ ಸಾಲಿನಲ್ಲಿ, ಓಟದುದ್ದಕ್ಕೂ ಒಂದೇ ಒಂದು ತಿರುವು ಕಾಣದ ಡ್ರ್ಯಾಗ್ ರೇಸ್ ಮಂದಿಯೂ ಇದ್ದಾರೆ!

ಡ್ರ್ಯಾಗ್ ರೇಸ್ ಎಂದರೆ ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ 402 ಮೀಟರ್, ನೇರ ಓಟ. ಎರಡನೇ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ವಿಮಾನ ಪಟ್ಟಿಗಳ ಮೇಲೆ ಆಡುತ್ತಿದ್ದ ಈ ಆಟಕ್ಕೆ ಶಿಸ್ತು ತರಲು ವಾಲಿ ಪಾರ್ಕ್ಸ್ 1951ರಲ್ಲಿ ಎನ್‌ಎಚ್‌ಆರ್‌ಎ ಸಂಸ್ಥೆ ಕಟ್ಟಿದರು. ರೇಸಿಗೆಂದೇ ಕಟ್ಟಿದ ಉದ್ದನೆಯ ಡ್ರ್ಯಾಗ್‌ಸ್ಟರ್‌ಗಳಲ್ಲಿ ಹಿಂದಿನ ಅಚ್ಚನ್ನು ಸೀದಾ ಫ್ರೇಮಿಗೇ ಬೋಲ್ಟ್ ಮಾಡುತ್ತಿದ್ದರು. ಸ್ಪ್ರಿಂಗೇ ಇಲ್ಲದ ಮೇಲೆ ವಾಲುವ ಮಾತೆಲ್ಲಿ? ಫಜೀತಿ ಶುರುವಾದದ್ದು ಶೋರೂಮಿನಿಂದ ಬಂದ, ಬಾಗಿಲು, ಬೂಟು, ಸ್ಪ್ರಿಂಗು ಎಲ್ಲ ಇದ್ದ ಕಾರುಗಳಿಗೆ.

ಅರವತ್ತರ ದಶಕದ ಡ್ರ್ಯಾಗ್ ರೇಸ್ ಫೋಟೊಗಳಲ್ಲಿ ಒಂದು ವಿಚಿತ್ರ ಮತ್ತೆ ಮತ್ತೆ ಕಾಣುತ್ತದೆ. ಕಾರು ಹೊರಡುವಾಗ ಮೂತಿ ಎತ್ತುತ್ತದೆ, ಆದರೆ ಸಮನಾಗಿ ಅಲ್ಲ. ಮುಂದಿನ ಎಡ ಚಕ್ರ ಎತ್ತರದಲ್ಲಿ ತೇಲುತ್ತಿರುತ್ತದೆ, ಹಿಂದಿನ ಬಲ ಮೂಲೆ ಕುಸಿದು ಕೂತಿರುತ್ತದೆ. ನೋಡಲು ಭರ್ಜರಿ. ಓಡಿಸುವವನಿಗೆ ಅದೇ ತಲೆನೋವು.

ಕಾರಣ, ಎಂಜಿನ್ನಿನ ಬಲವನ್ನು ಹಿಂದಿನ ಅಚ್ಚಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್. ಚಾಲಕನ ಸೀಟಿನಿಂದ ಮುಂದಕ್ಕೆ ನೋಡಿದರೆ ಈ ಕಾರುಗಳ ಎಂಜಿನ್ ಅದನ್ನು ಗಡಿಯಾರಕ್ಕೆ ವಿರುದ್ಧವಾಗಿ ತಿರುಗಿಸುತ್ತದೆ. ಹಿಂದಿನ ಅಚ್ಚು ಒಂದೇ ಗಟ್ಟಿ ತುಂಡು, ನಮ್ಮ ಲಾರಿಗಳಲ್ಲಿ ಇರುವಂತೆ, ಅಂಬಾಸಿಡರ್‌ನಲ್ಲಿ ಇದ್ದಂತೆ. ಶಾಫ್ಟಿನ ತಿರುಚು ಬಲ ಅಚ್ಚಿನ ಇಡೀ ಹೌಸಿಂಗನ್ನೇ ತನ್ನ ಜೊತೆ ಹೊರಳಿಸಲು ನೋಡುತ್ತದೆ. ಎಡ ಟೈರು ನೆಲಕ್ಕೆ ಒತ್ತಿಕೊಳ್ಳುತ್ತದೆ, ಬಲ ಟೈರು ಹಗುರಾಗುತ್ತದೆ. ಅದೇ ಹೊತ್ತಿಗೆ ಎಂಜಿನ್ ಹೊತ್ತ ಬಾಡಿ ತದ್ವಿರುದ್ಧ ದಿಕ್ಕಿಗೆ ತಿರುಚಿಕೊಂಡು ಬಲಕ್ಕೆ ಕುಸಿಯುತ್ತದೆ.

ಲೆಕ್ಕ ಹಾಕಿದರೆ ಇದು ಸಣ್ಣ ಬಲವೇನಲ್ಲ. ಎಂಜಿನ್ 700 ನ್ಯೂಟನ್ ಮೀಟರ್ ಕೊಡುತ್ತದೆ, ಮೊದಲ ಗೇರಿನ ಅನುಪಾತ 2.5 ಎಂದುಕೊಳ್ಳೋಣ. ಶಾಫ್ಟಿನ ಮೇಲೆ 1,750 ನ್ಯೂಟನ್ ಮೀಟರ್ ಬಿತ್ತು. ಎರಡು ಟೈರುಗಳ ನಡುವೆ ಒಂದೂವರೆ ಮೀಟರ್ ಅಂತರವಿದ್ದರೆ, ಎಡಕ್ಕೆ ಸುಮಾರು 120 ಕಿಲೋ ಹೆಚ್ಚುವರಿ ಭಾರ, ಬಲಕ್ಕೆ ಅಷ್ಟೇ ಕಡಿತ. ಇದು ಅತಿ ಕೆಟ್ಟ ಸಂದರ್ಭದ ಲೆಕ್ಕ, ಏಕೆಂದರೆ ಇಲ್ಲೊಂದು ಸ್ವಾರಸ್ಯವಿದೆ. ಬಾಡಿ ಪಡೆದ ತಿರುಚು ಸಾಲವಿದ್ದಂತೆ, ಯಾವುದೋ ದಾರಿಯಲ್ಲಿ ನೆಲಕ್ಕೆ ಮರಳಲೇಬೇಕು. ಹಿಂದಿನ ಸ್ಪ್ರಿಂಗುಗಳ ಮೂಲಕ ಮರಳಿದ ಪಾಲು ಅದೇ ಅಚ್ಚಿನ ಬಲ ತುದಿಯನ್ನು ಕೆಳಗೆ ಒತ್ತಿ ಲೆಕ್ಕ ಚುಕ್ತಾ ಮಾಡುತ್ತದೆ. ಮುಂದಿನ ಚಕ್ರಗಳ ಮೂಲಕ ಹೋದ ಪಾಲು ಹಿಂದಕ್ಕೆ ಬರುವುದಿಲ್ಲ. ಎರಡು ಹಿಂಟೈರುಗಳ ನಡುವೆ ಉಳಿಯುವ ವ್ಯತ್ಯಾಸ ಆ ಪಾಲಿನಷ್ಟೇ.

ಆಗಿನವರು ಸೊಟ್ಟಕ್ಕೆ ಸೊಟ್ಟವನ್ನೇ ಮದ್ದು ಮಾಡಿದರು. ಬ್ಯಾಟರಿಯನ್ನು ಬೂಟಿನ ಬಲ ಮೂಲೆಗೆ ಸಾಗಿಸಿದರು. 1964ರ ಫೋರ್ಡ್ ಥಂಡರ್‌ಬೋಲ್ಟ್‌ನ ಬೂಟಿನಲ್ಲಂತೂ ಕಂಪನಿಯೇ ಲಾರಿಗೆ ತಕ್ಕ ಭಾರೀ ಬ್ಯಾಟರಿ ಕೂರಿಸಿ ಕಳಿಸಿತು. ಕ್ರೈಸ್ಲರ್ ಕಂಪನಿಯ ಸೂಪರ್ ಸ್ಟಾಕ್ ಬ್ಲೇಡ್ ಸ್ಪ್ರಿಂಗುಗಳಲ್ಲಿ ಎಡದ್ದೇ ಬೇರೆ, ಬಲದ್ದೇ ಬೇರೆ. ಕಾಯಿಲ್ ಸ್ಪ್ರಿಂಗ್ ಕಾರಿನವರು ಬಲಗಡೆಯ ಸ್ಪ್ರಿಂಗಿನೊಳಗೆ ಗಾಳಿಚೀಲ ತೂರಿಸಿ ಪಂಪ್ ಹೊಡೆದರು. ಈ ಉಪಾಯಗಳಿಂದ ಕಾರು ಹೊರಡುವಾಗ ನೆಟ್ಟಗಾಗುತ್ತಿತ್ತು, ಸುಳ್ಳಲ್ಲ. ಆದರೆ ತಿರುಚು ಬಲ ಗೇರು ಬದಲಾದಂತೆ ಇಳಿಯುತ್ತದೆ, ಗಾಳಿಚೀಲದ ಒತ್ತು ಇಳಿಯುವುದಿಲ್ಲ. ಮೊದಲ ಗೇರಿಗೆ ಸರಿಹೋದದ್ದು ಕೊನೆಯ ಗೇರಿನಲ್ಲಿ, ಕಾರು ಅತಿ ವೇಗದಲ್ಲಿರುವಾಗ, ಅದನ್ನು ಪಕ್ಕಕ್ಕೆ ಎಳೆಯುತ್ತದೆ.

1970ರಲ್ಲಿ ಎನ್‌ಎಚ್‌ಆರ್‌ಎ ಶೋರೂಮ್ ಕಾರುಗಳ ರೂಪದ ರೇಸ್ ಕಾರುಗಳಿಗೆಂದು ಪ್ರೊ ಸ್ಟಾಕ್ ವಿಭಾಗ ತೆರೆಯಿತು. ಆಗ ಕಾಲು ಮೈಲಿಗೆ ಸುಮಾರು 10 ಸೆಕೆಂಡ್ ಹಿಡಿಯುತ್ತಿತ್ತು, ಈಗ ಏಳೂ ಬೇಕಿಲ್ಲ. ‘ಗ್ರಂಪಿ’ ಎಂದೇ ಹೆಸರಾದ ಬಿಲ್ ಜೆಂಕಿನ್ಸ್ ತಮ್ಮ ಶೆವರ್ಲೆ ವೇಗಾ ಕಾರುಗಳಿಗೆ ಉಕ್ಕಿನ ಕೊಳವೆಗಳ ಚಾಸಿ ಕಟ್ಟಿ ಈ ವಿಭಾಗದ ದಿಕ್ಕನ್ನೇ ಬದಲಿಸಿದರು. ಅಚ್ಚನ್ನು ನಾಲ್ಕು ಸರಳುಗಳಿಂದ ಹಿಡಿಯುವ ಫೋರ್ ಲಿಂಕ್ ಬರಬರುತ್ತಾ ಎಲ್ಲೆಡೆ ಹಬ್ಬಿತು. ಇದರಲ್ಲಿ ಬಾಡಿ ವಾಲಿದರೆ ಇನ್ನೊಂದು ಕಾಟ: ಒಂದು ಪಕ್ಕದ ಸರಳು ಅಚ್ಚನ್ನು ತುಸು ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಳ್ಳಿ, ಸ್ಟೀರಿಂಗ್ ಮುಟ್ಟದೆಯೇ ಕಾರು ತಿರುಗುತ್ತದೆ. ಹೀಗಾಗಿ ವಾಲುವುದನ್ನೇ ನಿಲ್ಲಿಸಬೇಕಾಯಿತು. ರೇಸಿನವರು ಮುಂದಿನ ಆ್ಯಂಟಿ ರೋಲ್ ಬಾರ್ ಕಳಚಿ ಎಸೆದು, ಹಿಂದಕ್ಕೆ ತುಂಬ ಬಿಗಿಯಾದದ್ದನ್ನು ಹಾಕಿದರು. ತಿರುಚೆಲ್ಲ ಹಿಂದಿನ ಅಚ್ಚಿಗೇ ಮರಳಲಿ ಎಂಬ ಲೆಕ್ಕಾಚಾರ. ನನ್ನ ಮಟ್ಟಿಗೆ ಈ ಕಥೆಯ ಜಾಣ ಘಟ್ಟ ಇದೇ. ಬ್ಯಾಟರಿಯೂ ಗಾಳಿಚೀಲವೂ ಊಹೆಯ ಮೇಲೆ ಕೊಟ್ಟ ಪರಿಹಾರಗಳು. ಸರಳು ಮಾತ್ರ ತಿರುಚು ಎಷ್ಟಿದೆಯೋ ಅಷ್ಟನ್ನೇ ಎದುರಿಸುತ್ತದೆ, ತಿರುಚು ನಿಂತರೆ ತಾನೂ ಸುಮ್ಮನಾಗುತ್ತದೆ.

ಸರಳಿನ ಬಿಗಿ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 25 ಮಿಲಿಮೀಟರ್ ಸರಳಿನ ಜಾಗಕ್ಕೆ 32ರದ್ದು ಬಂದರೆ ಬಿಗಿ ಎರಡೂವರೆ ಪಟ್ಟಿಗೂ ಹೆಚ್ಚು. ತುದಿಯ ತೋಳುಗಳನ್ನು ಗಿಡ್ಡ ಮಾಡಿದರೂ ಬಿಗಿ ಹೆಚ್ಚುತ್ತದೆ. ಆದರೆ ಮೆಕ್ಯಾನಿಕ್‌ನ ನಿಜವಾದ ಕಸುಬು ಕಾಣುವುದು ಅದನ್ನು ಕೂರಿಸುವಾಗ.

ಕಾರು ಮಟ್ಟಸ ನೆಲದ ಮೇಲೆ ನಿಲ್ಲಬೇಕು, ಟೈರುಗಳಲ್ಲಿ ಓಟದ ಗಾಳಿ ಇರಬೇಕು, ಟ್ಯಾಂಕಿನಲ್ಲಿ ಓಟದ ದಿನದಷ್ಟೇ ಇಂಧನ. ಚಾಲಕ ಸೀಟಿನಲ್ಲಿ ಕೂತಿರಬೇಕು, ಅವನಿಲ್ಲದಿದ್ದರೆ ಅವನ ತೂಕದಷ್ಟು ಮರಳಿನ ಮೂಟೆಯಾದರೂ. ಅಚ್ಚಿಗೂ ತೋಳಿಗೂ ನಡುವಿನ ಲಿಂಕುಗಳು ಆದಷ್ಟು ನೆಟ್ಟಗೆ ನಿಲ್ಲಬೇಕು. ಎಡದ ಲಿಂಕನ್ನು ಬಿಗಿದು, ಬಲದ್ದರ ಬೋಲ್ಟ್ ತೆಗೆದು, ಲಿಂಕನ್ನು ತಿರುಗಿಸುತ್ತಾ ಉದ್ದ ಹೊಂದಿಸುತ್ತಾರೆ. ಎರಡು ತುದಿಗೂ ವಿರುದ್ಧ ದಿಕ್ಕಿನ ಥ್ರೆಡ್ ಇರುವುದರಿಂದ ಬಿಚ್ಚದೆಯೇ ಉದ್ದ ಬದಲಾಗುತ್ತದೆ. ಸುತ್ತಿಗೆ ಬೇಡ, ಕಡ್ಡಿ ಹಾಕಿ ಮೀಟುವುದೂ ಬೇಡ, ಬೋಲ್ಟ್ ಬೆರಳಿನಿಂದಲೇ ಜಾರಿ ಒಳಹೋದರೆ ಸರಳು ಯಾರ ಪಕ್ಷವನ್ನೂ ವಹಿಸಿಲ್ಲ ಎಂದರ್ಥ. ಲಾಕ್ ನಟ್ ಬಿಗಿದರೆ ಮುಗಿಯಿತು.

ಮುಗಿಯಿತು ಎಂದೆ, ಆದರೆ ಟ್ರ್ಯಾಕಿನಲ್ಲಿ ಕೈ ಸುಮ್ಮನಿರುವುದಿಲ್ಲ. ಕಾರು ಹೊರಡುವಾಗ ಬಲಕ್ಕೆ ಎಳೆದರೆ, ಬಲ ಟೈರಿನ ಮೇಲೆ ಭಾರ ಸಾಲದು ಎಂದು ಲಿಂಕನ್ನು ನಟ್ಟಿನ ಒಂದೆರಡು ಮುಖದಷ್ಟು ತಿರುಗಿಸಿ ಮುಂಚಿತವಾಗಿ ಒತ್ತು ಕೊಡುವವರಿದ್ದಾರೆ. ಅತಿಯಾದರೆ ಮತ್ತೆ ಗಾಳಿಚೀಲದ ಕಥೆಯೇ, ಆ ಒತ್ತು ಕೊನೆಯ ಗೆರೆಯವರೆಗೂ ಬೆನ್ನು ಬಿಡುವುದಿಲ್ಲ. ಒತ್ತು ತುಂಬಾ ಬೇಕಾಗುತ್ತಿದೆ ಎಂದರೆ ಸರಳು ತೆಳುವಾಗಿರಬೇಕು, ಇಲ್ಲವೇ ಅದನ್ನು ಹಿಡಿದ ಬ್ರಾಕೆಟ್ಟೋ ಚಾಸಿಯೋ ಬಾಗುತ್ತಿರಬೇಕು. ಅದನ್ನು ಹುಡುಕುವುದೇ ವಾಸಿ.

ಶಾಫ್ಟಿನ ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲನ್ನು ಬಾಡಿಗೇ ಬಿಗಿದು, ಚಕ್ರಗಳನ್ನು ಬಿಡಿಬಿಡಿಯಾಗಿ ತೂಗಿಬಿಟ್ಟರೆ ಶಾಫ್ಟಿನ ಈ ಜಗಳವೇ ಇರುವುದಿಲ್ಲ. ಫೋರ್ಡ್ ತನ್ನ ಮಸ್ಟ್ಯಾಂಗ್ ಕಾರುಗಳಿಗೆಲ್ಲ 2015ರ ಮಾದರಿಯಿಂದ ಅದನ್ನೇ ಮಾಡಿತು. ಆದರೆ ಬಿಡಿ ಚಕ್ರಗಳ ತೆಳು ಶಾಫ್ಟುಗಳು ಡ್ರ್ಯಾಗ್ ಓಟದ ಮೊದಲ ಏಟನ್ನು ತಾಳುವುದು ಕಷ್ಟ. 2018ರಲ್ಲಿ ಅದೇ ಕಂಪನಿ ಡ್ರ್ಯಾಗ್ ಓಟಕ್ಕೆಂದೇ 68 ಕೋಬ್ರಾ ಜೆಟ್ ಮಸ್ಟ್ಯಾಂಗ್‌ಗಳನ್ನು ಕಟ್ಟಿದಾಗ ಹಿಂದೆ ಕೂರಿಸಿದ್ದು ಮತ್ತದೇ ಗಟ್ಟಿ ಅಚ್ಚು, ಫೋರ್ ಲಿಂಕ್, ಜೊತೆಗೊಂದು ಆ್ಯಂಟಿ ರೋಲ್ ಬಾರ್.