ಕನ್ನಡ ಹೆಸರಿನ ಫೈಲು ಎಲ್ಲ ಕಂಪ್ಯೂಟರಿನಲ್ಲೂ ತೆರೆಯಲಿ

ಕಾಲೇಜಿನಲ್ಲಿ ಸಿ ಭಾಷೆ ಕಲಿಯುತ್ತಿರುವ ನಮ್ಮ ಮಕ್ಕಳಿಗಾಗಿ ಈ ಬರಹ.

‘ಆದೋನಿ’ ಎಂಬ ಹೆಸರಿನ ಫೈಲನ್ನು ತೆರೆಯುವ ಪ್ರೋಗ್ರಾಂ ಬರೆದಿದ್ದೀರಿ ಎಂದುಕೊಳ್ಳಿ. ಲ್ಯಾಬಿನ ಲಿನಕ್ಸಿನಲ್ಲಿ ಅದು ಸರಿಯಾಗಿ ನಡೆಯುತ್ತದೆ. ಮನೆಯ ವಿಂಡೋಸಿನಲ್ಲಿ ಕಂಪೈಲ್ ಮಾಡಿ ನೋಡಿದರೆ ಫೈಲೇ ಸಿಗುವುದಿಲ್ಲ. ಕನ್ನಡದಲ್ಲಿ ಹೆಸರಿಟ್ಟದ್ದೇ ತಪ್ಪು ಎಂದುಕೊಂಡು ಇಂಗ್ಲಿಷಿಗೆ ಬದಲಾಯಿಸಬೇಡಿ. ತಪ್ಪು ಕನ್ನಡದ್ದಲ್ಲ, ವಿಳಾಸ ಬರೆದ ರೀತಿಯದು.

1953ರವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆಮೇಲೆ ಆಂಧ್ರದ ಕರ್ನೂಲು ಜಿಲ್ಲೆಗೆ ಸೇರಿದವು. ಊರು ಇದ್ದಲ್ಲೇ ಇದೆ, ವಿಳಾಸ ಬೇರೆಯಾಯಿತು. ಫೈಲಿನ ಪಾತ್ ಕೂಡ ಹಾಗೆಯೇ: ಒಂದೊಂದು ಆಪರೇಟಿಂಗ್ ಸಿಸ್ಟಂ ಒಂದೊಂದು ರೀತಿ ಓದುತ್ತದೆ. ಮೂರು ಸಂಗತಿ ನೆನಪಿಡಿ.

1. ಗೆರೆ: ಫೋಲ್ಡರುಗಳ ನಡುವೆ ಲಿನಕ್ಸಿನಲ್ಲಿ / ಬರುತ್ತದೆ, ವಿಂಡೋಸಿನಲ್ಲಿ ವಾಡಿಕೆಯದು \. ಸಿ ಭಾಷೆಯಲ್ಲಿ \ ಚಿಹ್ನೆಗೆ ಬೇರೆ ಕೆಲಸವಿದೆ, ಹಾಗಾಗಿ ಅದನ್ನು ಎರಡು ಸಲ ಬರೆಯಬೇಕು. ವಿಂಡೋಸಿನ ಎಫ್‌ಓಪನ್ / ಚಿಹ್ನೆಯನ್ನೂ ಒಪ್ಪುತ್ತದೆ. ಆದ್ದರಿಂದ ಎಲ್ಲ ಕಡೆ / ಬಳಸಿ. ಡ್ರೈವಿನ ಹೆಸರನ್ನು ಕೋಡಿನೊಳಗೆ ಬರೆಯಬೇಡಿ. ಫೋಲ್ಡರ್ ಯಾವುದೆಂದು ಪ್ರೋಗ್ರಾಂ ನಡೆಸುವವರೇ ಹೇಳಲಿ.

2. ಅಕ್ಷರ: ಲಿನಕ್ಸಿಗೆ ಫೈಲಿನ ಹೆಸರೆಂದರೆ ಬೈಟುಗಳ ಸಾಲು, ಯುಟಿಎಫ್-8ರಲ್ಲಿರುವ ಕನ್ನಡ ಹಾಗೆಯೇ ಸಾಗುತ್ತದೆ. ವಿಂಡೋಸ್ ಹೆಸರನ್ನು ಯುಟಿಎಫ್-16ರಲ್ಲಿ ಇಡುತ್ತದೆ. ಅಲ್ಲಿನ ಸಾಮಾನ್ಯ ಎಫ್‌ಓಪನ್ ಹಳೆಯ ಕೋಡ್ ಪೇಜಿನ ಮೂಲಕ ಓದುತ್ತದೆ, ಆ ಪಟ್ಟಿಯಲ್ಲಿ ಕನ್ನಡಕ್ಕೆ ಕೋಡ್ ಪೇಜೇ ಇಲ್ಲ. ಪರಿಹಾರ: ಪ್ರೋಗ್ರಾಂ ಒಳಗೆಲ್ಲ ಯುಟಿಎಫ್-8 ಇರಲಿ, ವಿಂಡೋಸಿನಲ್ಲಿ ಫೈಲ್ ತೆರೆಯುವಾಗ ಮಾತ್ರ ಯುಟಿಎಫ್-16ಕ್ಕೆ ಬದಲಾಯಿಸಿ ಡಬ್ಲ್ಯು-ಎಫ್‌ಓಪನ್ ಕರೆಯಿರಿ. 2019ರ ವಿಂಡೋಸ್ 10, 1903 ಆವೃತ್ತಿಯಿಂದ ಮುಂದಕ್ಕೆ, ಪ್ರೋಗ್ರಾಮಿನ ಮ್ಯಾನಿಫೆಸ್ಟಿನಲ್ಲಿ ಯುಟಿಎಫ್-8 ಎಂದು ಸೂಚಿಸಿದರೂ ಆಗುತ್ತದೆ.

3. ಓಕಾರ: ‘ದೋ’ ಅಕ್ಷರದ ಓಕಾರ ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿರಬಹುದು, ಮೂರಾಗಿ ಬಿಡಿಸಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ಯುಟಿಎಫ್-8ರಲ್ಲಿ ಒಂದು ‘ಆದೋನಿ’ 15 ಬೈಟು, ಇನ್ನೊಂದು 21. ಲಿನಕ್ಸಿಗೆ ಅವು ಎರಡು ಬೇರೆ ಫೈಲುಗಳು. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಹೆಸರುಗಳನ್ನು ಹೋಲಿಸುವ ಮೊದಲು ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಐಸಿಯು ಲೈಬ್ರರಿಯಲ್ಲಿ ಅದಕ್ಕೆ ಸೌಲಭ್ಯವಿದೆ.

ಇಂಗ್ಲಿಷ್ ಹೆಸರಿಟ್ಟು ಪರೀಕ್ಷಿಸಿದರೆ ಕೊನೆಯ ಎರಡು ದೋಷಗಳು ಕಾಣುವುದೇ ಇಲ್ಲ. ಮುಂದಿನ ಪ್ರೋಗ್ರಾಂ ಬರೆದಾಗ ನಿಮ್ಮ ಊರಿನ ಹೆಸರನ್ನೇ ಕನ್ನಡದಲ್ಲಿ ಫೈಲಿಗೆ ಇಟ್ಟು, ಎರಡೂ ಕಂಪ್ಯೂಟರಿನಲ್ಲಿ ತೆರೆದು ನೋಡಿ.